ಬಂಧುಗಳಿಲ್ಲದ ಗಿಡಕ್ಕೆ ಮೊದಲ ಜಾಗ

ಓದಿದ ವಿದ್ಯೆ ಎಂದಾದರೊಂದು ದಿನ ಉಪಯೋಗಕ್ಕೆ ಬಂದೇ ಬರುತ್ತದೆ ಎನ್ನುವ ಹಿರಿಯರು, ಅದು ಬಂದ ದಿನ ಮನೆಯವರ ಗತಿ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಆಮೇಲೆ ಕಂಪ್ಯೂಟರ್ ಕಲಿತು, ಈಗ ಡೆಟ್ರಾಯಿಟ್ ಹತ್ತಿರದ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿದ್ದೇನೆ. ಇಷ್ಟು ವರ್ಷ ನನ್ನ ಸಸ್ಯಶಾಸ್ತ್ರದಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಕಳೆದ ಅಕ್ಟೋಬರಿನಲ್ಲಿ ಆಯಿತು.

ಇಲ್ಲಿನ ಕನ್ನಡಿಗರ ಮನೆಗಳ ಹಿಂದಿನ ಡೆಕ್ಕು, ಅಂದರೆ ಮರದ ಹಲಗೆಯ ಜಗಲಿ, ಬೇಸಿಗೆಯಲ್ಲಿ ನರ್ಸರಿಯಂತಿರುತ್ತದೆ. ತುಳಸಿ, ದೊಡ್ಡಪತ್ರೆ, ಮಲ್ಲಿಗೆ, ಕರಿಬೇವು ಎಲ್ಲ ಕುಂಡಗಳಲ್ಲಿ. ಇಬ್ಬನಿ ಹೆಪ್ಪುಗಟ್ಟಿಸುವ ಮೊದಲ ಫ್ರಾಸ್ಟ್ ಬೀಳುವ ಮುಂಚೆ ಅವೆಲ್ಲ ಒಳಗೆ ಬರಬೇಕು, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಕಪ್ಪಾಗಿರುತ್ತವೆ. ನಮ್ಮ ಮನೆಯಲ್ಲಿ ಬಿಸಿಲು ಬರುವ ಗಾಜಿನ ಬಾಗಿಲು ಒಂದೇ. ಅದರ ಮುಂದೆ ನಾಲ್ಕು ಕುಂಡ ಹಿಡಿಸುತ್ತವೆ. ಅದರಾಚೆ ಕಾರ್ಪೆಟ್, ಕಾರ್ಪೆಟ್ಟಿನ ಮೇಲೆ ನನ್ನ ಹೆಂಡತಿ ವಸುಧಾಳ ಅಧಿಕಾರ. ಮಿಕ್ಕ ಕುಂಡಗಳಿಗೆ ಗ್ಯಾರೇಜೇ ಗತಿ.

ಈ ಸಲ ನಮ್ಮಲ್ಲಿ ಒಂದು ಕುಂಡ ಹೆಚ್ಚಿತ್ತು. ಪಕ್ಕದ ಬೀದಿಯ ಡಾಕ್ಟರ್ ಶಾಂತಕ್ಕ ಧಾರವಾಡಕ್ಕೆ ಹೋಗುವಾಗ ತಮ್ಮ ಕರಿಬೇವನ್ನು ನಮಗೆ ಒಪ್ಪಿಸಿ ಹೋಗಿದ್ದರು. ಅದು ನನ್ನ ಎದೆಯೆತ್ತರದ ಗಿಡ. ಟ್ರಾಯ್‌ಗೆ ಹೊಸದಾಗಿ ಬಂದ ಕನ್ನಡ ಸಂಸಾರಗಳಿಗೆಲ್ಲ ಅದರ ಬೇರಿನಿಂದೆದ್ದ ಮರಿಯನ್ನು ಶಾಂತಕ್ಕ ಕೊಡುವುದು ವಾಡಿಕೆ. ನಮ್ಮ ಮನೆಯ ಸಣ್ಣ ಕರಿಬೇವೂ ಅದರ ಮಗಳೇ.

ವಸುಧಾ ತಂಗಿಯ ಸೀಮಂತಕ್ಕೆಂದು ಶಿಕಾಗೋ ಕಡೆಯ ವೆಸ್ಟ್‌ಮಾಂಟ್‌ಗೆ ಹೋಗಿದ್ದಳು. ಮಧ್ಯಾಹ್ನ ಫೋನ್ ಮಾಡಿದಳು. "ರೀ, ಇವತ್ತು ರಾತ್ರಿ ಟೆಂಪರೇಚರ್ ಫ್ರೀಜಿಂಗಿಗಿಂತ ಕೆಳಗೆ, ಮೂವತ್ತು ಫ್ಯಾರನ್‌ಹೀಟಿಗೆ ಇಳಿಯತ್ತಂತೆ. ಕುಂಡ ಎಲ್ಲಾ ಒಳಗಿಡಿ."

"ಇವರ ಫೋರ್‌ಕಾಸ್ಟ್ ಯಾವತ್ತು ನಿಜ ಆಗಿದೆ?" ಎಂದೆ. ಸಾಕ್ಷಿಯಿಲ್ಲದೆ ನಾನು ಏನನ್ನೂ ನಂಬುವವನಲ್ಲ.

"ನಿಮ್ಮ ಡೌಟೆಲ್ಲ ಆಮೇಲೆ ಇಟ್ಕೊಳ್ಳಿ. ಮೊದಲು ಕುಂಡ."

ಮೊದಲು ಶಾಂತಕ್ಕನ ಕರಿಬೇವು ಇಡಿ ಎಂದೂ ಹೇಳಿದ್ದಳಂತೆ. ನನಗೆ ನೆನಪಿಲ್ಲ.

ನೆನಪಾದದ್ದು ಎಂ.ಎಸ್ಸಿ.ಯ ಒಂದು ಪಾಠ. ಅದೂ ಪಾಠವೋ, ಎಲ್ಲೋ ಓದಿದ್ದೋ, ಈಗ ಆಣೆ ಮಾಡಲಾರೆ. ಎಲ್ಲ ಜೀವಿಗಳನ್ನೂ ಉಳಿಸುವಷ್ಟು ಶಕ್ತಿ ಇಲ್ಲದಿದ್ದಾಗ ಯಾವುದನ್ನು ಮೊದಲು ಉಳಿಸಬೇಕು? ವರ್ಗೀಕರಣ ನೋಡಿ. ಹತ್ತಿರದ ಬಂಧುಗಳು ಬೇಕಾದಷ್ಟಿರುವ ಜೀವಿ ಹೋದರೆ ಒಂದು ಎಲೆ ಉದುರಿದಂತೆ. ಬಂಧುಗಳೇ ಇಲ್ಲದ ಜೀವಿ ಹೋದರೆ ಇಡೀ ಕೊಂಬೆಯೇ ಮುರಿದಂತೆ. ಆದ್ದರಿಂದ ಒಂಟಿ ಕುಲದ್ದಕ್ಕೆ ಮೊದಲ ಜಾಗ. ಡೆಕ್ಕಿನ ಮೇಲೆ ನಿಂತು ಹಾಗೆಯೇ ಲೆಕ್ಕ ಹಾಕಿದೆ. ತುಳಸಿ, ದೊಡ್ಡಪತ್ರೆ ಒಂದೇ ಕುಟುಂಬ, ತುಳಸಿ ಸಾಕು. ಮಲ್ಲಿಗೆ ತನ್ನ ಕುಟುಂಬಕ್ಕೆ ಒಬ್ಬಳೇ, ಒಳಗೆ. ಕರಿಬೇವು ಎರಡಿವೆ, ಒಂದೇ ಪ್ರಭೇದ, ತಾಯಿ ಮತ್ತು ಮಗಳು. ಪ್ರತಿನಿಧಿಯಾಗಿ ಮಗಳು ಸಾಕು. ತಾಯಿಯ ಕುಂಡವನ್ನು ಎತ್ತಿದರೆ ನನ್ನ ಬೆನ್ನು ಹಿಡಿದುಕೊಳ್ಳುತ್ತಿತ್ತು ಎಂಬ ವಿಷಯ ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂದು ಆಗ ನಂಬಿದ್ದೆ.

ಉಳಿದದ್ದು ಮೂಲೆಯ ಕುಂಡದಲ್ಲಿದ್ದ ಅಡಿಯೆತ್ತರದ ಸಸಿ. ವಸುಧಾ ಯಾವಾಗ ನೆಟ್ಟಳೋ ತಿಳಿಯದು. ಅಲ್ಲಿದ್ದ ಯಾವ ಗಿಡಕ್ಕೂ ಅದು ನೆಂಟನಲ್ಲ. ಗೌರವದಿಂದ ಎತ್ತಿ ಅತ್ಯಂತ ಬೆಚ್ಚನೆಯ ಜಾಗದಲ್ಲಿಟ್ಟೆ. ದೊಡ್ಡಪತ್ರೆಯನ್ನೂ ಶಾಂತಕ್ಕನ ಕರಿಬೇವನ್ನೂ ಗ್ಯಾರೇಜಿಗೆ ಎಳೆದು ಬಿಟ್ಟು, ಅದರ ಹೊರಬಾಗಿಲು ಮುಚ್ಚಿದೆ. ಮುಚ್ಚಿದೆನೆಂದೇ ನನ್ನ ನೆನಪು. ಬೆಳಿಗ್ಗೆ ಅದು ತೆರೆದಿತ್ತು.

ಶಿಕಾಗೋದಿಂದ ಬಂದ ವಸುಧಾ ಶಾಂತಕ್ಕನ ಕರಿಬೇವಿನ ಕಪ್ಪಾಗಿ ಜೋತುಬಿದ್ದ ಎಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅದು ಬೈಗುಳಕ್ಕಿಂತ ಕಷ್ಟ. ಆಮೇಲೆ, "ಶಾಂತಕ್ಕನಿಗೆ ಫೋನ್ ಮಾಡಿ ಹೇಳ್ಬಿಡಿ" ಎಂದಳು. "ಬಂದ ಮೇಲೆ ಹೇಳೋಣ" ಎಂದೆ. ಆ ಪಾಪಕ್ಕೋ ಏನೋ, ಉಳಿಸಿಕೊಂಡ ಸಸಿಯ ಸೇವೆಗೆ ನಿಂತೆ. ಅದು ಎಲೆ ಉದುರಿಸತೊಡಗಿದಾಗ ಗಿಡ ಬೆಳೆಸುವ ವಿಶೇಷ ದೀಪ ತಂದು ಹಾಕಿದೆ. ಇರುವ ಎಲೆಯನ್ನೂ ಉದುರಿಸಿತು.

ದೀಪಾವಳಿ ಮುಗಿಸಿಕೊಂಡು ಶಾಂತಕ್ಕ ಪೇಡೆ ಹಿಡಿದು ಬಂದರು. ಬಂದವರೇ ಗಾಜಿನ ಬಾಗಿಲ ಕಡೆ ನೋಡಿದರು. "ಏನ್ರೀ ಇದು, ದೀಪದ ಕೆಳಗ ಕೋಲು ನಿಲ್ಲಿಸೀರಿ?"

"ಅಪರೂಪದ್ದು ಡಾಕ್ಟ್ರೇ. ಇದಕ್ಕೆ ಬಂಧುಗಳೇ ಇಲ್ಲ."

ಕುಂಡದೊಳಗೆ ಬಿದ್ದಿದ್ದ ಒಣಗಿದ ಎಲೆಯನ್ನೆತ್ತಿ ಅವರು ಬೆಳಕಿಗೆ ಹಿಡಿದರು. "ಬಾಕ್ಸೆಲ್ಡರ್ ಅಲ್ಲೇನ್ರೀ ಇದು! ನಮ್ಮ ಬೇಲಿಗುಂಟ ಏಳ್ತದಲ್ಲ, ಅದ ಕಳೆ. ಈ ಬ್ಯಾಸಿಗ್ಯಾಗ ನೀವ ಬಂದು ಚೀಲದ ತುಂಬ ಕಿತ್ತು ಕೊಟ್ರಿ. ಮಜ್ಜಿಗಿ ಕುಡುದ್ರಿ. ನೆನಪಿಲ್ಲೇನು?"

ಮಜ್ಜಿಗೆ ನೆನಪಾಯಿತು. ಅದರ ಹಿಂದೆಯೇ ಮಿಕ್ಕದ್ದೂ. ಗಾಳಿಗೆ ಬೀಜ ಹಾರಿ ಬಂದು ನಮ್ಮ ಖಾಲಿ ಕುಂಡದಲ್ಲಿ ಹುಟ್ಟಿದ ಮೇಪಲ್ ಜಾತಿಯ ಸಸಿ ಅದು. ಚಳಿ ಬಂತೆಂದರೆ ತಾನೇ ಎಲೆ ಉದುರಿಸಿ ಹಿಮದಲ್ಲಿ ಹಾಯಾಗಿ ನಿಲ್ಲುವಂಥದ್ದು. ನಮ್ಮ ಬೀದಿಯ ಎರಡೂ ಬದಿಗೆ ಸಾಲಾಗಿ ನಿಂತಿರುವ ಮೇಪಲ್ ಮರಗಳೆಲ್ಲ ಅದರ ದಾಯಾದಿಗಳು. ನಾನು ಬಂಧುಗಳನ್ನು ಹುಡುಕಿದ್ದು ನನ್ನ ಡೆಕ್ಕಿನ ಮೇಲೆ ಮಾತ್ರ.

"ನನ್ನ ಗಿಡಾ ಎಲ್ಲಿ?"

ಗ್ಯಾರೇಜಿಗೆ ಕರೆದುಕೊಂಡು ಹೋದೆ. ಶಾಂತಕ್ಕ ಕಾಂಡವನ್ನು ಉಗುರಿನಿಂದ ಕೆರೆದು ನೋಡಿದರು. ಇನ್ನಷ್ಟು ಕೆಳಗೆ, ಮಣ್ಣಿನ ಹತ್ತಿರವೂ ಕೆರೆದರು. ಎಲ್ಲೂ ಹಸಿರಿರಲಿಲ್ಲ. ನಾನು ವರ್ಗೀಕರಣ, ಪ್ರಭೇದ, ಪ್ರತಿನಿಧಿ ಎಂದು ಶುರುಮಾಡಿ ನಿಲ್ಲಿಸಿದೆ.

"ಇರ್ಲಿ ಬಿಡ್ರಿ," ಎಂದರು. "ನಮ್ಮ ಯಜಮಾನ್ರು ನೆಟ್ಟದ್ದಿತ್ತು. ಇರೋತನಕ ಪ್ರತಿ ವರ್ಷ ಅವರೇ ಎತ್ತಿ ಒಳಗಿಡತಿದ್ರು. ಅವರಿಗೂ ಬೆನ್ನು ನೋಯ್ತಿತ್ತು."

ನನ್ನ ಬೆನ್ನಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಹೇಳಿದ್ದೆನೇ? ಅದೂ ಗೊತ್ತಿಲ್ಲ.

ವಸುಧಾ ಒಳಗೆ ಹೋಗಿ ನಮ್ಮ ಸಣ್ಣ ಕರಿಬೇವನ್ನು ತಂದು ಶಾಂತಕ್ಕನ ಕೈಗಿಟ್ಟಳು. "ನಿಮ್ಮದೇ ಮರಿ ಅಕ್ಕ. ತಗೊಂಡು ಹೋಗಿ." ಅವರು ಅದನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು ಸೀಟ್‌ಬೆಲ್ಟ್ ಹಾಕಿದರು.

ಈಗ ನಮ್ಮ ಮನೆಯ ಸಾರಿಗೆ ಅಂಗಡಿಯ ಕರಿಬೇವು. ಗಾಜಿನ ಬಾಗಿಲ ಮುಂದೆ ಎರಡು ಜಾಗ ಖಾಲಿಯಾದವು. ಮರುದಿನ ವಸುಧಾ ಅಲ್ಲೊಂದು ಕುರ್ಚಿ ತಂದು ಹಾಕಿದಳು.

"ಯಾರಿಗೆ?" ಎಂದೆ.

"ನಿಮಗೇ. ನಿಮ್ಮ ಲೆಕ್ಕದ ಪ್ರಕಾರ ಈ ಮನೇಲಿ ಮೊದಲ ಜಾಗ ನಿಮಗೇ ಸಲ್ಲಬೇಕು. ನಿಮ್ಮ ಹಾಗಿನ ಪ್ರಾಣಿ ಇನ್ನೊಂದಿಲ್ಲ."

ಕೂತಿದ್ದೇನೆ. ಬಿಸಿಲು ಚೆನ್ನಾಗಿದೆ. ಹೊರಗೆ ಡೆಕ್ಕಿನ ಮೇಲೆ, ಹಿಮದಲ್ಲಿ ಅರ್ಧ ಹುಗಿದುಕೊಂಡು ಬಾಕ್ಸೆಲ್ಡರ್ ಆರಾಮಾಗಿದೆ. ಅದನ್ನು ಹೊರಗಿಟ್ಟದ್ದು ನಾನೋ ಅವಳೋ ನೆನಪಿಲ್ಲ. ಕೇಳಲು ಹೋಗಿಲ್ಲ; ಕೇಳಿದರೆ ಕುರ್ಚಿಯೂ ಗ್ಯಾರೇಜಿಗೆ ಹೋದೀತು.