ಗೋಡೆಯ ಮೇಲಿದ್ದ ಲೇಡಿ ಅಜ್ಜಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ನನಗೆ ಬರೆದು ಅಭ್ಯಾಸವಿಲ್ಲ, ಕೆಡಿಸಿಯೇ ಹೇಳುತ್ತೇನೆ. ಆದರೆ ಬೀಗರಾಗಲಿರುವವರ ಎದುರು ನಿಂತಾಗಲೆಲ್ಲ ನಮಗೆ ಏನಾದರೊಂದು ಆಗಿಯೇ ತೀರುತ್ತದೆ. ಮಗಳು ಮೆಚ್ಚಿದ ಹುಡುಗನ ಅಜ್ಜಿ ಇಂಗ್ಲೆಂಡಿನ ದೊಡ್ಡ ಮನೆತನದವರು. ಹೆಸರಿನ ಮುಂದೆ ‘ಲೇಡಿ’ ಎಂದಿದೆ, ಅದು ಬಿರುದು. ಒಂದು ಕಾಲಕ್ಕೆ ಅವರು ಬರದಿದ್ದರೆ ಲಂಡನ್ನಿನಲ್ಲಿ ಅದು ಪಾರ್ಟಿಯೇ ಅಲ್ಲವಂತೆ. ಈಗ ಮಗನ ಜೊತೆ ಇಲ್ಲೇ, ನಮ್ಮ ಹತ್ತಿರದ ಬರ್ಕ್ಲಿ ಊರಿನ ಗುಡ್ಡದ ಮೇಲಿದ್ದಾರೆ. ಅಜ್ಜಿ ಒಪ್ಪದೆ ಮದುವೆಯಿಲ್ಲ ಎಂದು ಹುಡುಗ ಹೇಳಿಬಿಟ್ಟಿದ್ದ. ನಮ್ಮ ಭಯಕ್ಕೆ ಕಾರಣ ಅದು.

೧. ಬೂಟು

ಮೊದಲ ಸಲ ಟೀಗೆ ಕರೆದಾಗ ನಾವು ಅಭ್ಯಾಸದಂತೆ ಬೂಟುಗಳನ್ನು ಹೊರಗೇ ಬಿಟ್ಟೆವು. ನನ್ನ ಕಾಲುಚೀಲ ತೂತಾಗಿತ್ತು. ಲೇಡಿ ಅಜ್ಜಿ ನಮ್ಮ ಕಾಲುಗಳನ್ನು ನೋಡಿ, ದಾರಿಯಲ್ಲಿ ಯಾರಾದರೂ ದೋಚಿದರೇ, ಪೊಲೀಸರನ್ನು ಕರೆಯಲೇ ಎಂದು ಕೇಳಿದರು. ಮಗಳು ನಾಚಿ ನೆಲ ನೋಡಿದಳು. ನೆಲದ ಮೇಲೆ ನನ್ನ ಹೆಬ್ಬೆರಳಿತ್ತು.

೨. ಹೋಳಿಗೆ

ಆಮೇಲೆ ಅವರು ಯೂನಿಯನ್ ಸಿಟಿಯ ನಮ್ಮ ಮನೆಗೆ ಊಟಕ್ಕೆ ಬಂದರು. ಇಲ್ಲಿ ಒಂದು ವಿಷಯ ವಿವರಿಸಬೇಕು. ಅವರ ಪ್ರಕಾರ ತಟ್ಟೆಯಲ್ಲಿ ಏನಾದರೂ ಉಳಿಸಿದರೆ ಬಡಿಸಿದವರಿಗೆ ಅವಮಾನ. ನಮ್ಮ ಪ್ರಕಾರ ಅತಿಥಿಯ ತಟ್ಟೆ ಖಾಲಿಯಾದರೆ ನಮಗೇ ಅವಮಾನ. ಅವರು ಖಾಲಿ ಮಾಡುತ್ತಾ ಹೋದರು, ನನ್ನ ಹೆಂಡತಿ ಹೋಳಿಗೆ ಹಾಕುತ್ತಾ ಹೋದಳು. ಕೊನೆಗೆ ಅವರು ಮೊಮ್ಮಗನ ಕಿವಿಯಲ್ಲಿ, ಇವರಿಗೆ ನನ್ನ ಮೇಲೆ ಏನು ದ್ವೇಷ ಎಂದು ಕೇಳಿದರಂತೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಹೆಂಡತಿ ನನಗೆ ಹೇಳಿದಳು: “ಪಾಪ ರೀ, ಅವರ ಮನೇಲಿ ಸರಿಯಾಗಿ ಊಟ ಹಾಕಲ್ಲ ಅನ್ಸುತ್ತೆ.”

೩. ಪಟ

ತಮ್ಮ ತೀರ್ಮಾನ ಹೇಳಲು ಅವರು ನಮ್ಮನ್ನು ಮತ್ತೆ ಕರೆಸಿದರು. ನಡುಮನೆಯ ಗೋಡೆಯ ತುಂಬ ಅವರ ವಂಶದವರ ಚಿತ್ರಗಳು. ನಮ್ಮ ಕಡೆ ಹೀಗೆ ಸಾಲಾಗಿ ದೊಡ್ಡ ಕಟ್ಟು ಹಾಕಿಸಿ ತೂಗುಹಾಕುವುದು ತೀರಿಕೊಂಡವರಿಗೆ ತಾನೇ? ಹೆಂಡತಿ ಮುಡಿಯ ಮಲ್ಲಿಗೆ ತೆಗೆದು, ಮುತ್ತಿನ ಸರ ಹಾಕಿದ್ದ ಚೆಲುವೆಯೊಬ್ಬರ ಪಟಕ್ಕೆ ಇಟ್ಟು ಕಣ್ಣು ಮುಚ್ಚಿದಳು. ನಾನೂ ಕೈಮುಗಿದೆ. ಹಿಂದೆ ಊರುಗೋಲಿನ ಸದ್ದಾಯಿತು. ಇದೇನೆಂದು ಲೇಡಿ ಅಜ್ಜಿ ಕೇಳಿದರು.

“ಡ್ಯಾಡ್, ಪ್ಲೀಸ್,” ಎಂದಳು ಮಗಳು. ನಾನು ಕೇಳದೆ ಎಲ್ಲವನ್ನೂ ವಿವರಿಸಿದೆ. ಸತ್ತವರಿಗೆ ನಾವು ಹೀಗೆ ಹೂವಿಡುತ್ತೇವೆ, ಇವರು ನಿಮ್ಮ ತಾಯಿಯವರೇ ಎಂದು ಕೇಳಿದೆ.

“ಅದು ನಾನು.”

ಮದುವೆ ಮುರಿಯಿತು ಎಂದುಕೊಂಡೆ. ಅವರು ಮಲ್ಲಿಗೆ ತೆಗೆದು ಮೂಸಿದರು.

“ನಾನು ಸಾಯಲಿ ಎಂದು ಕಾಯುವವರು ನನ್ನ ಮನೆತನದಲ್ಲಿ ಬಹಳ ಜನ. ಹೂವು ತಂದವರು ನೀವೇ ಮೊದಲು. ಮದುವೆ ಬೇಗ ಇಟ್ಟುಕೊಳ್ಳಿ.”

ಇದರಲ್ಲಿ ನಗು ಎಲ್ಲಿದೆಯೆಂದರೆ, ನಮ್ಮಲ್ಲಿ ಪಟಕ್ಕೆ ಹೂವಿಡುವುದು ಯಾಕೆಂದರೆ, ಒಬ್ಬರು ತೀರಿಕೊಂಡ ಮೇಲೆ… ತಡೆಯಿರಿ, ಹೆಂಡತಿ ಬಾಗಿಲ ಕಡೆಯಿಂದ ಮೆಲ್ಲಗೆ ಕರೆಯುತ್ತಿದ್ದಾಳೆ.

“ರೀ, ಬೇಗ ಬನ್ನಿ. ಲೇಡಿ ಅಜ್ಜಿ ಬಂದು ಹೊರಗೇ ಬೂಟು ಬಿಚ್ಚಿದ್ರು. ಅವರ ಕಾಲುಚೀಲಾನೂ ತೂತು.”