ಕಡಲ ಬಸವನಹುಳುವಿನ ಊಟೋಪಚಾರ

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂಬ ಭ್ರಮೆ ಬಂದುಬಿಡುತ್ತದೆ. ನನಗೂ ಬಂದಿತ್ತು. ಬಸವನಹುಳು ತಿನ್ನುವುದು ಸೊಪ್ಪುಸದೆ ಎಂದು ನಂಜನಗೂಡಿನ ಎಷ್ಟು ಮಕ್ಕಳ ತಲೆಗೆ ತುಂಬಿದ್ದೇನೋ! ಹಿತ್ತಿಲಿನ ಹುಳುಗಳು ನಮ್ಮ ದಾಸವಾಳವನ್ನು ಬೋಳಿಸುವುದನ್ನು ಕಣ್ಣಾರೆ ಕಂಡವನಿಗೆ ಪುಸ್ತಕ ಯಾಕೆ?

ಹೀಗಿರುವಾಗ ಮಲ್ಪೆಗೆ ಹೋಗಿದ್ದ ನಮ್ಮ ಶಾಲೆಯ ಕಿರಿಯ ಮೇಷ್ಟ್ರು ಮಕ್ಕಳಿಗೆ ತೋರಿಸಲೆಂದು ಜೀವಂತ ಕಡಲ ಬಸವನಹುಳು ತಂದರು. ದಸರಾ ರಜೆ ಮುಗಿಯುವವರೆಗೆ ಅದು ಉಪ್ಪುನೀರಿನ ಗಾಜಿನ ತೊಟ್ಟಿಯ ಸಮೇತ ನಮ್ಮ ಮನೆಗೆ ಬಂತು. ಎಂಬತ್ತು ದಾಟಿದ ನಮ್ಮವ್ವ ಉಪಚಾರ ಶುರುಮಾಡಿದಳು. ಮೊದಲ ದಿನ ದಂಟಿನಸೊಪ್ಪು, ಮರುದಿನ ಸೌತೆಕಾಯಿ, ಆಮೇಲೆ ನನ್ನ ಕಣ್ಣು ತಪ್ಪಿಸಿ ಎರಡು ಅಗುಳು ಮೊಸರನ್ನ. ಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮಲಗಿಬಿಟ್ಟಿತು. ಐದನೆಯ ದಿನ ಅವ್ವನೂ ತಟ್ಟೆ ಸರಿಸಿದಳು.

"ಮನಗ್ ಬಂದದ್ದು ಉಪಾಸ ಬಿದ್ದದ ಕಣ್ಲಾ. ನಂಗೆಂಗ್ಲಾ ತುತ್ತು ಇಳಿತದ?"

ಅಷ್ಟು ದಿನ ಕಿರಿಯರನ್ನು ಕೇಳಲು ಬಿಡದಿದ್ದ ಬಿಗುಮಾನ ಬದಿಗಿಟ್ಟು ಆ ಕಿರಿಯ ಮೇಷ್ಟ್ರಿಗೆ ಫೋನ್ ಮಾಡಿದೆ. "ಅಯ್ಯೋ ಸಾರ್, ಸೊಪ್ಪು ಹಾಕಿದ್ರಾ? ಅದು ಸತ್ತ ಮೀನು, ಸೀಗಡಿ ತಿನ್ನೋ ಜಾತಿ!"

ಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು. ವಿಷಯ ಹೇಳಿದಾಗ ಅವ್ವ ತೊಟ್ಟಿಯ ಕಡೆ ಕೈ ತೋರಿಸಿದಳು. "ಅದ್ರ ಊಟ ಅದ್ಕೆ. ಓಗು, ತಕಬಾ. ಅಡ್ಗೆಮನೆಗ್ ಮಾತ್ರ ತರ್ಬ್ಯಾಡ."

ನಂಜನಗೂಡಿನಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ತಿ. ನರಸೀಪುರದ ಬಸ್ ಹತ್ತಿದೆ. ತಲೆಗೆ ಟವೆಲು ಸುತ್ತಿಕೊಂಡು ಮೀನಿನಂಗಡಿ ಮುಂದೆ ನಿಂತರೆ, ಪಕ್ಕದಲ್ಲಿ ಇನ್ನೊಂದು ಟವೆಲು. ಅದರೊಳಗೆ ನಮ್ಮ ಮಗಳ ಮಾವ! ಆಚಾರದಲ್ಲಿ ನಮಗಿಂತ ಒಂದು ಕೈ ಮೇಲು. ಅವರ ಮನೆ ಇರುವುದು ಅದೇ ಊರಿನಲ್ಲಿ ಎಂಬುದು ಗಡಿಬಿಡಿಯಲ್ಲಿ ಮರೆತೇಹೋಗಿತ್ತು.

"ಬಸವನಹುಳಕ್ಕೆ ಬೀಗ್ರೇ," ಎಂದೆ.

ಅವರು ಟವೆಲನ್ನು ಇನ್ನಷ್ಟು ಕೆಳಗೆಳೆದುಕೊಂಡರು. "ನಾನು ಬೆಕ್ಕಿಗೆ ಬೀಗ್ರೇ."

ಮನೆಗೆ ಬಂದು ಸೀಗಡಿ ಚೂರು ಹಾಕಿದ್ದೇ ತಡ, ಹುಳು ಸೊಂಡಿಲಿನಂಥ ನಳಿಕೆ ಎತ್ತಿ ವಾಸನೆ ಹಿಡಿದು ಬಂದೇಬಂತು. ಅವ್ವ ಸ್ವಲ್ಪ ದೂರದಲ್ಲಿ ಕೂತು, ಆ ಕಡೆ ನೋಡದೆ, ಹೊಟ್ಟೆ ತುಂಬ ಉಂಡಳು. ನನಗೆ ಕಣ್ಣು ತುಂಬಿತು.

ಹುಳು ಕಡಲಿಗೆ ಮರಳಿ ತಿಂಗಳಾಯಿತು. ಬೀಗರು ಮಾತ್ರ ಸಿಕ್ಕಾಗಲೆಲ್ಲ, "ಹುಳ ಎಂಗದ ಬೀಗ್ರೇ?" ಎಂದು ಸಣ್ಣಗೆ ನಗುತ್ತಾರೆ. ಹುಳು ನಿಜಕ್ಕೂ ಇತ್ತು, ಈಗ ಕಡಲಿಗೆ ಹೋಯಿತು ಎಂದು ಹೇಳಿಬಿಡೋಣ ಅನ್ನಿಸುತ್ತದೆ. ಆದರೆ ಅವರ ಮನೆಯಲ್ಲಿ ಯಾವತ್ತೂ ಬೆಕ್ಕು ಸಾಕಿಲ್ಲವೆಂದು ಮಗಳು ಹೇಳಿದ್ದಾಳೆ. ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ಮೇಷ್ಟ್ರು ನಾನು ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ:

"ಚೆನ್ನಾಗಿ ತಿಂತದ ಬೀಗ್ರೇ. ನಿಮ್ಮ ಬೆಕ್ಕು?"