ದೋನ್ಯಾ ತಿಬುರ್ಸಿಯಾರ ಅರ್ಧ ದಿನದ ಸಾವು

"ಸಂಜೆ ಏಳಕ್ಕೆ ನೋಡ್ತೀನಿ. ಇವತ್ತಿನ ಬರಹವನ್ನ ಐನೂರು ಜನ ನೋಡಿದ್ರೆ ನೀನು ಉಳೀತೀಯ. ಇಲ್ದಿದ್ರೆ ನಾಳೆಯಿಂದ ಬರಬೇಡ ಮಾರಾಯ," ಎಂದು ಮಾಲೀಕ ದೋನ್ ಕ್ರೆಸೆನ್ಸಿಯೊ ಬೆಳಬೆಳಗ್ಗೆಯೇ ಹೇಳಿಬಿಟ್ಟರು.

ಓಹಾಕ ಗುಡ್ಡದ ಆ ಪುಟ್ಟ ಊರಿನಲ್ಲಿ ಮೊದಲು ಅವರ ವಾರಪತ್ರಿಕೆಗೆ, ಈಗ ಅವರ ವೆಬ್‌ಸೈಟಿಗೆ, ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದವನು ಎಲಿಹಿಯೊ ಒಬ್ಬನೇ. ಬೇರೆ ಕೆಲಸ ಪಾಪ, ಅವನಿಗೆ ಬರುತ್ತಲೂ ಇರಲಿಲ್ಲ. ನಿನ್ನೆಯ ಚರಂಡಿ ಲೇಖನವನ್ನು ಒಂಬತ್ತು ಸಲ ನೋಡಲಾಗಿತ್ತು. ಅದರಲ್ಲಿ ನಾಲ್ಕು ಸಲ ನೋಡಿದವನು ಅವನೇ.

ಎದುರು ಅಂಗಡಿಯ ಕ್ಷೌರಿಕ ನೇಸ್ತೊರ್‌ಗೆ ಊರ ಉಸಾಬರಿಯೆಲ್ಲ ಬೇಕು. ಕತ್ತರಿ ಹಿಡಿದೇ ಬಂದ.

"ಹೊಸದು ಯಾಕೋ ಬರೀತೀಯ? ಟ್ರಂಕು ತುಂಬ ಹಳೇದು ಬಿದ್ದಿದೆಯಲ್ಲ. ಒಗೆದು ಇಸ್ತ್ರಿ ಮಾಡು, ಹೊಸದಾಗತ್ತೆ!"

ಟ್ರಂಕಿನಲ್ಲಿದ್ದದ್ದು ಸತ್ತವರ ಹಬ್ಬದ ಅಣಕು ಪದ್ಯಗಳು. ಪ್ರತಿ ನವೆಂಬರಿನಲ್ಲಿ, ಬದುಕಿರುವವರನ್ನೇ ಸಾವು ಬಂದು ಹೊತ್ತೊಯ್ದಂತೆ ಲೇವಡಿ ಮಾಡಿ ಬರೆಯುವುದು ಅಲ್ಲಿನ ರೂಢಿ. ತಮ್ಮ ಮೇಲೆ ಪದ್ಯ ಬರದಿದ್ದರೆ ಜನ ಮುನಿಸಿಕೊಳ್ಳುವುದೂ ಉಂಟು. ಎಲಿಹಿಯೊ ಬ್ರೆಡ್ ಅಂಗಡಿಯ ದೋನ್ಯಾ ತಿಬುರ್ಸಿಯಾರ ಮೇಲಿನ ಪದ್ಯ ತೆಗೆದ.

"ಮೇ ತಿಂಗಳಲ್ಲಿ ಪದ್ಯ ಯಾರು ಓದ್ತಾರೆ? ಗದ್ಯ ಮಾಡು. ಮೇಲೊಂದು ದಪ್ಪ ತಲೆಬರಹ, ಕೆಳಗೊಂದು ಫೋಟೊ," ಎಂದ ನೇಸ್ತೊರ್.

ಹಾಗೇ ಮಾಡಿದ. 'ದೋನ್ಯಾ ತಿಬುರ್ಸಿಯಾರನ್ನು ಕರೆದೊಯ್ದ ಸಾವು' ಎಂಬ ತಲೆಬರಹ. ಸಾವು ಅಂಗಡಿಗೆ ಬಂದು ಬ್ರೆಡ್ ಹಿಸುಕಿ ಹಳಸಲು ಅಂದದ್ದು, ಆಕೆ ಲಟ್ಟಣಿಗೆ ಎತ್ತಿದ್ದು, ಎಲ್ಲ ತಮಾಷೆಯೂ ಕೆಳಗಿತ್ತು. ಆದರೆ ಅಲ್ಲಿಯವರೆಗೆ ಓದಿದವರು ಯಾರು? ಪುಟ ತೆರೆದವರೆಲ್ಲ ತಲೆಬರಹ, ಫೋಟೊ ನೋಡಿ "ಅಯ್ಯೋ ದೇವರೇ!" ಎಂದು ಮುಂದಿನವರಿಗೆ ಕಳಿಸಿದರು.

ಹನ್ನೊಂದಕ್ಕೆ ಚರ್ಚಿನಲ್ಲಿ ಸಾವಿನ ಗಂಟೆ ಬಾರಿಸಿದರು. ಬ್ರೆಡ್ ಅಂಗಡಿಯ ಬಾಗಿಲಿಗೆ ಕಪ್ಪು ರಿಬ್ಬನ್ ಬಂತು. ಹೆಂಗಸರು ಕಾಫಿಯ ಮಡಕೆ, ಜೋಳದ ಕಡುಬಿನಂಥ ತಮಾಲೆಯ ಬುಟ್ಟಿ ಹೊತ್ತು ಬಂದು, ಶವಕ್ಕಾಗಿ ಕಾದು ಕೂತರು. ಹಿಟ್ಟು ತರಲು ಪಕ್ಕದೂರಿನ ಸಂತೆಗೆ ಹೋಗಿದ್ದ ತಿಬುರ್ಸಿಯಾ ಮೂರು ಗಂಟೆಗೆ ವ್ಯಾನಿನಿಂದಿಳಿದು ಅದನ್ನು ಕಂಡವರೇ, ನೇರ ಎಲಿಹಿಯೊನ ಮೇಜಿನೆದುರು ನಿಂತರು.

"ಏನೋ, ನನ್ನ ಸಾಯಿಸಿದೆಯಂತೆ! ಮೊದಲು ನನಗೊಂದು ಮಾತು ಹೇಳೋದಲ್ವೇನೋ?"

"ನಿಮ್ಮ ದಮ್ಮಯ್ಯ, ನಾನೂರ ಹತ್ತಾಗಿದೆ! ಏಳು ಗಂಟೆವರೆಗೆ ಸತ್ತ ಹಾಗೇ ಇರಿ. ನನ್ನ ಕೆಲಸ ಉಳಿಯತ್ತೆ."

"ನಿನ್ನ ಕೆಲಸಕ್ಕೆ ಬೆಂಕಿ ಹಾಕ! ಅಂದ ಹಾಗೆ... ಯಾರ್ಯಾರು ಅಳ್ತಿದ್ದಾರೆ?"

"ಎಲ್ಲರೂ. ನಿಮ್ಮ ತಂಗಿ ಅಂಪಾರೊನೂ ಬಸ್ಸು ಹತ್ತಿದ್ದಾರಂತೆ."

ತಿಬುರ್ಸಿಯಾ ಧೊಪ್ಪನೆ ಕೂತರು. ಅಮ್ಮನ ಅರೆಯುವ ಕಲ್ಲು ಯಾರಿಗೆ ಎಂಬ ಜಗಳದಲ್ಲಿ ಅಕ್ಕತಂಗಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. "ಸರಿ, ಸತ್ತಿರ್ತೀನಿ," ಎಂದು ಕಣ್ಣೊರೆಸಿಕೊಂಡರು.

ಹಿತ್ತಿಲಿಂದ ನುಸುಳಿ ಒಲೆಮನೆಯ ಪರದೆ ಹಿಂದೆ ಅಡಗಿದರು. ಎಲಿಹಿಯೊ ಪಕ್ಕದಲ್ಲೇ ಬೆವರುತ್ತ ನಿಂತ.

"ಬ್ರೆಡ್ ಚಿಕ್ಕದು, ಮನಸ್ಸು ದೊಡ್ಡದು," ಎಂದು ನೆರೆದವರ ನಡುವೆ ನೇಸ್ತೊರ್, ಎಲ್ಲ ಗೊತ್ತಿದ್ದೂ, ಅಳುವವನಂತೆ ಮೂಗೆಳೆದ. ಪರದೆ ಅಲುಗಿತು, ಆದರೂ ಆಕೆ ಸಹಿಸಿಕೊಂಡರು.

ಅಷ್ಟರಲ್ಲಿ ಅಂಪಾರೊ ಎದೆ ಬಡಿದುಕೊಂಡು ಬಂದರು. "ಅಕ್ಕಾ! ಆ ಹಾಳು ಕಲ್ಲು ನೀನೇ ಇಟ್ಕೋ, ಎದ್ದು ಬಾರೇ!"

ಪರದೆ ಸರಿಯಿತು. "ಎಲ್ಲರೂ ಕೇಳಿಸ್ಕೊಂಡ್ರಲ್ಲ? ಕಲ್ಲು ನಂದು!"

ನೇಸ್ತೊರ್ ತಮಾಲೆ ಕೈಯಲ್ಲಿ ಹಿಡಿದೇ ಓಡಿದ. ಅಂಪಾರೊ ಅಕ್ಕನ ಬೆನ್ನಿಗೆ ನಾಲ್ಕು ಗುದ್ದಿ, ಆಮೇಲೆ ತಬ್ಬಿಕೊಂಡರು. ಇಬ್ಬರೂ ಗೊಳೋ ಎಂದು ಅತ್ತರು.

ಎಲಿಹಿಯೊ ಕಚೇರಿಗೆ ಓಡಿಹೋಗಿ 'ದೋನ್ಯಾ ತಿಬುರ್ಸಿಯಾ ಬದುಕಿದ್ದಾರೆ' ಎಂದು ಹೊಸ ಸುದ್ದಿ ಹಾಕಿದ. ಅದನ್ನು ನೋಡಿದವರು ಏಳು ಜನ. ಸತ್ತ ಸುದ್ದಿ ಮಾತ್ರ ಏಳು ಗಂಟೆಗೆ ನಾಲ್ಕು ಸಾವಿರ ದಾಟಿತ್ತು.

ದೋನ್ ಕ್ರೆಸೆನ್ಸಿಯೊ ಅವನನ್ನು ಬಾಚಿ ತಬ್ಬಿಕೊಂಡರು. "ಭಲೇ ಹುಡುಗಾ! ಹಳೇ ಬರಹಕ್ಕೆ ನಾಲ್ಕು ಸಾವಿರ! ಟ್ರಂಕಲ್ಲಿ ಇನ್ನೆಷ್ಟಿವೆ?"

"ಏಳುನೂರಕ್ಕೆ ಮೋಸವಿಲ್ಲ!" ಎಲಿಹಿಯೊನ ಎದೆ ಉಬ್ಬಿತು.

"ದಿನಕ್ಕೊಂದು ಹಾಕಿದ್ರೆ ಎರಡು ವರ್ಷ ಬರತ್ತೆ. ಟ್ರಂಕು ಇಲ್ಲೇ ಇಟ್ಟು ನೀನು ಮನೆಗೆ ಹೋಗಪ್ಪ. ನಾಳೆಯಿಂದ ಬರೋದು ಬೇಡ."

"ಮತ್ತೆ... ಹೊಸದು ಬರೆಯೋರು?"

ಅವರು ಪ್ರೀತಿಯಿಂದ ಅವನ ಭುಜ ತಟ್ಟಿದರು. "ತಲೆಬರಹದ ಕೆಳಗೆ ಯಾರೂ ಓದಲ್ಲ ಅಂತ ನೀನೇ ತೋರಿಸ್ಕೊಟ್ಟೆಯಲ್ಲೋ. ಇನ್ನು ಬರೆಯೋರು ಯಾಕೆ?"